ತಿಪ್ಪಮ್ಮ ಟೀಚರು ಕಲ್ಲಿಗೆ ಹೆಸರಿಟ್ಟದ್ದು

ಸುರಪುರದ ಹೈಸ್ಕೂಲಿನಲ್ಲಿ ಹದಿನೆಂಟು ವರ್ಷದಿಂದ ವಿಜ್ಞಾನ ಹೇಳುತ್ತಿದ್ದ ತಿಪ್ಪಮ್ಮನಿಗೆ ತನ್ನ ಹೆಸರು ಕಂಡರಾಗುತ್ತಿರಲಿಲ್ಲ. ಹಾಜರಿ ಪುಸ್ತಕದಲ್ಲಿ ‘ಟಿ. ಎಂ.’ ಎಂದು ಗೀಚಿ ಕೈತೊಳೆದುಕೊಳ್ಳುತ್ತಿದ್ದಳು. ಲಗ್ನಪತ್ರಿಕೆಯಲ್ಲೂ ಅದನ್ನೇ ಅಚ್ಚುಹಾಕಿಸಿದಾಗ, ಬರುವವಳು ಸೊಸೆಯೋ ಸರಕಾರಿ ಇಲಾಖೆಯೋ ಎಂದು ಬೀಗರು ಕೇಳಿದ್ದರು.

ಹೆಸರಿನ ಹಿಂದಿನ ಕಥೆ ಆ ಕಡೆ ಹೊಸದೇನಲ್ಲ. ಹುಟ್ಟಿದ ಕೂಸುಗಳು ಉಳಿಯದಿದ್ದರೆ ಮುಂದಿನ ಕೂಸನ್ನು ತಿಪ್ಪೆಯ ಮೇಲೆ ಮಲಗಿಸಿ, ನೆರೆಮನೆಯವಳಿಂದ ಎತ್ತಿಸಿ, ತಿಪ್ಪಣ್ಣನೆಂದೋ ತಿಪ್ಪಮ್ಮನೆಂದೋ ಕರೆದುಬಿಡುತ್ತಾರೆ. ಕಸವೆಂದು ತಿಳಿದು ಯಮ ಮುಂದೆ ಹೋಗಲಿ ಎಂಬ ಉಪಾಯ. ತಿಪ್ಪಮ್ಮನಿಗಿಂತ ಮೊದಲು ಮೂರು ಕೂಸುಗಳು ಹೋಗಿದ್ದವು. ಅವಳನ್ನು ತಿಪ್ಪೆಗೆ ಒಯ್ದವಳು ಆಯಿ, ಅಂದರೆ ಅಪ್ಪನ ತಾಯಿ ದೇವಕಮ್ಮ. ಇದೊಂದು ಕಾರಣಕ್ಕೆ ಮೊಮ್ಮಗಳು ಆಕೆಯ ಮೇಲೆ ನಲವತ್ತು ವರ್ಷ ಹಲ್ಲು ಕಡಿದಿದ್ದಳು. ತನ್ನನ್ನು ಕೇಳಿದ್ದರೆ ಚಂದ್ರಕಲಾ ಎಂದು ಇಡಲು ಹೇಳುತ್ತಿದ್ದಳು. ತೀರಿಹೋದ ಅವ್ವ ರೊಟ್ಟಿ ಬಡಿಯುವಾಗ ಗುನುಗುತ್ತಿದ್ದ ಜೋಗುಳದಲ್ಲಿ ಆ ಹೆಸರು ಬರುತ್ತಿತ್ತು.

ಎಂಟು ವರ್ಷದ ಹಿಂದೆ ಹೊರದೇಶದ ದೂರದರ್ಶಕವೊಂದು ತೆಗೆದ ಆಕಾಶದ ಚಿತ್ರಗಳು ಶಾಲೆಯ ಕಂಪ್ಯೂಟರಿಗೆ ಬಂದವು. ಚುಕ್ಕೆಗಳ ನಡುವೆ ಸರಿಯುವುದೇನಾದರೂ ಕಂಡರೆ ತಿಳಿಸಬೇಕಿತ್ತು. ತಿಪ್ಪಮ್ಮನದು ಬಿಡಿಸಿದ ಹತ್ತಿಯಿಂದ ಒಣ ಎಲೆಯ ಚೂರು ಹೆಕ್ಕುತ್ತ ಬೆಳೆದ ಕಣ್ಣು. ಮೂರನೇ ದಿನ ಒಂದು ಚುಕ್ಕೆ ಹೆಕ್ಕಿದಳು. ಅದು ಸೂರ್ಯನ ಸುತ್ತ ತಿರುಗುವ ಕಲ್ಲು, ಅಂದರೆ ಕ್ಷುದ್ರಗ್ರಹವೇ ಹೌದೆಂದು ಖಾತ್ರಿಯಾಗಿ, ಹೆಸರು ಸೂಚಿಸಿರೆಂದು ಹೊರದೇಶದ ಹೆಸರಿಡುವ ಸಮಿತಿಯಿಂದ ಪತ್ರ ಬಂದದ್ದು ಈ ವರ್ಷ.

ಹೆಡ್‌ಮಾಸ್ತರ ಅಂಬ್ರಪ್ಪ ಅಂದೇ ಕರೆಸಿದ.

“ಟೀಚರ್, ನಮ್ಮ ಶಾಸಕ ಸಾಹೇಬ್ರ ಹೆಸರು ಇಡ್ರಿ. ಸಾಲಿಗಿ ಎರಡು ಖೋಲಿ ಸ್ಯಾಂಕ್ಷನ್ ಆಗ್ತಾವ.”

“ರಾಜಕಾರಣಿ ಸತ್ತು ನೂರು ವರ್ಷ ಆಗಿರಬೇಕಂತ ರೂಲ್ ಅದರಿ ಸರ್.”

ಅಂಬ್ರಪ್ಪ ಗಂಭೀರವಾಗಿ ಯೋಚಿಸಿದ. “ಏನರ ಅಡ್ಜಸ್ಟ್ ಮಾಡ್ಲಾಕ ಬರಂಗಿಲ್ಲೇನ್ರಿ?”

“ಸಾಹೇಬ್ರನ್ನೇ ಒಂದು ಮಾತು ಕೇಳ್ರಿ.”

ಶಾಲೆಯೆದುರಿನ ಚಾದಂಗಡಿಯ ಜಲಾಲುದ್ದೀನ ತನ್ನ ಅಂಗಡಿಯ ಹೆಸರು ಮುಂದಿಟ್ಟ. ವ್ಯಾಪಾರದ ಹೆಸರು ನಡೆಯುವುದಿಲ್ಲ ಎಂದಳು. ಹಾಗಾದರೆ ತನ್ನ ಆಡಿನದು ಇಡಿ ಎಂದ. ಅದೂ ಆಗದು, ಯಾರೋ ಪುಣ್ಯಾತ್ಮ ತನ್ನ ಬೆಕ್ಕಿನ ಹೆಸರಿಟ್ಟ ಮೇಲೆ ಸಾಕುಪ್ರಾಣಿ ಬೇಡವೆಂದು ಸಮಿತಿಯ ದೊಡ್ಡವರು ಹೇಳಿಬಿಟ್ಟಿದ್ದರು.

“ಅವ್ರ ಬೆಕ್ಕಿಗಿ ನಡೀತದ, ನಮ್ಮ ಬಕ್ರಿಗಿ ನಡ್ಯಂಗಿಲ್ಲ. ಯೇ ಕ್ಯಾ ಇನ್ಸಾಫ್ ಹೈ, ಟೀಚರ್?” ಎಂದು ಆತ ನಿಜಕ್ಕೂ ನೊಂದುಕೊಂಡ.

ಮೊದಮೊದಲು ಆ ಕಲ್ಲುಗಳಿಗೆಲ್ಲ ದೇವತೆಗಳ ಹೆಸರೇ ಇದ್ದವು. ಕಲ್ಲು ಹೆಚ್ಚಾಗಿ ದೇವತೆಗಳ ದಾಸ್ತಾನು ತೀರಿದ ಮೇಲೆ ಹುಡುಕಿದವರ ಹೆಂಡಂದಿರು, ಊರುಗಳು, ಹಾಡುಗಾರರು ಎಲ್ಲರೂ ಮೇಲೇರಿದರು. ಇಷ್ಟು ಜನ ಏರಿದ ಮೇಲೆ ಚಂದ್ರಕಲಾ ಏಕೆ ಬೇಡ? ಹದಿನಾರು ಅಕ್ಷರ ಮೀರಬಾರದು. ಇಂಗ್ಲಿಷಿನಲ್ಲಿ ಬರೆದರೆ ಅದು ಹನ್ನೊಂದೇ. ಅರ್ಜಿಯಲ್ಲಿ ಬರೆದಳು. ಹೆಸರಿನ ಅರ್ಥ ಕೇಳಿದ್ದ ಜಾಗ ಮಾತ್ರ ಖಾಲಿ ಉಳಿಯಿತು. ಕಳಿಸುವ ಮೊದಲು ಒಮ್ಮೆ ಆಯಿಯ ಮುಖಕ್ಕೆ ಹಿಡಿಯಬೇಕಿತ್ತು. ರವಿವಾರ ಆಯಿಯ ಊರು ಕಕ್ಕೇರಾದ ಬಸ್ಸು ಹತ್ತಿದಳು.

ದೇವಕಮ್ಮ ಕಟ್ಟೆಯ ಮೇಲೆ ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದಳು.

“ಆಯಿ, ಮುಗಲದಾಗಿನ ಕಲ್ಲಿಗಿ ನಾನೇ ಹೆಸರಿಡಬೇಕಾಗ್ಯಾದ. ಚಂದ್ರಕಲಾ ಅಂತ ಇಡ್ತೀನಿ.”

ಮೊರ ನಿಂತಿತು. “ಆ ಹೆಸರು ಬ್ಯಾಡ.”

“ಯಾಕ? ಚಂದನ ಹೆಸರು ಕಂಡ್ರ ನಿನಗ ಆಗಂಗಿಲ್ಲೇನು?”

“ಮೊದಲನೇ ಕೂಸಿಗಿ ಇಟ್ಟಿದ್ದೆ. ಹದಿನೇಳು ದಿನ ಇದ್ದಳು ನಿಮ್ಮಕ್ಕ. ಎರಡನೇದಕ ತಾರಾಬಾಯಿ ಅಂದೆ, ಅದೂ ಹೋಯ್ತು. ಮೂರನೇದಕ ಹೆಸರಿಡ್ಲಾಕ ಧೈರ್ಯನೇ ಆಗ್ಲಿಲ್ಲ. ನಿನ್ನ ತಿಪ್ಪಿ ಮ್ಯಾಲ ಹಾಕಿದಾಗ ನಾನೂ ಸಂಗಟ ಕುಂತಿದ್ದೆ. ಇದ್ದಬದ್ದ ಚಂದನ ಹೆಸರೆಲ್ಲ ಬಾಯಾಗ ಬಂದ್ವು. ನುಂಗಿಕೊಂಡೆ.”

ತಿಪ್ಪಮ್ಮನಿಗೆ ಅವ್ವನ ಜೋಗುಳ ಯಾರಿಗಾಗಿ ಇತ್ತೆಂದು ಈಗ ತಿಳಿಯಿತು. ನಲವತ್ತು ವರ್ಷದ ಸಿಟ್ಟಿನ ಬಗ್ಗೆ ನಾಚಿಕೆಯಾಯಿತು, ಆಯಿಯ ಕೈ ಹಿಡಿದುಕೊಂಡು ಅತ್ತುಬಿಟ್ಟಳು.

ಮುದುಕಿಗೆ ಅಳು ಸೇರದು. “ಆ ಕಲ್ಲು ಗಟ್ಟಿ ಅದ ಏನು?” ಎಂದು ಮಾತು ತಿರುಗಿಸಿದಳು.

“ಒಮ್ಮೊಮ್ಮೆ ಒಂದಕ್ಕೊಂದು ಬಡದು ಚೂರಾಗ್ತಾವ, ಆಯಿ.”

“ಮತ್ತ ಅಂಥಾದಕ ಚಂದನ ಹೆಸರಿಡ್ತಾರೇನು, ಖೋಡಿ? ಸಾಲಿ ಕಲ್ತು ಏನು ಮಾಡ್ದಿ ನೀ?”

ತಿಪ್ಪಮ್ಮ ಕಣ್ಣೊರೆಸಿಕೊಂಡು ಅರ್ಜಿಯಲ್ಲಿದ್ದುದನ್ನು ಹೊಡೆದುಹಾಕಿದಳು. ‘ತಿಪ್ಪೆ’ ಎಂದು ಬರೆದಳು. ಅರ್ಥದ ಜಾಗದಲ್ಲಿ, “ಕೂಸು ಬದುಕಲಿ ಎಂದು ಮಲಗಿಸುವ ಕಸದ ಗುಡ್ಡೆ. ಅಲ್ಲಿ ಮಲಗಿದ್ದ ಒಂದು ಕೂಸು ಈ ಕಲ್ಲನ್ನು ಹುಡುಕಿತು” ಎಂದು ತುಂಬಿದಳು.

ಐದು ತಿಂಗಳಿಗೆ ಒಪ್ಪಿಗೆ ಬಂತು. ಅಂಬ್ರಪ್ಪ ಹಣೆ ಚಚ್ಚಿಕೊಂಡ. “ಮುಗಲಿಗಿ ಹೋಗಿ ತಿಪ್ಪಿ ಹಾಕಿ ಬಂದ್ರಲ್ಲ, ಟೀಚರ್!” ಆದರೂ ನೋಟಿಸ್ ಬೋರ್ಡಿಗೆ ಹಾಕಲೇಬೇಕಾಯಿತು. ಕೆಳಗೆ ತಿಪ್ಪಮ್ಮ ತನ್ನ ಹೆಸರನ್ನು ಪೂರ್ತಿ ಬರೆದು, ಕಕ್ಕೇರಾಕ್ಕೆ ಫೋನು ಹಚ್ಚಿದಳು.

“ಆಯಿ, ಪಾಸಾಯ್ತು. ತಿಪ್ಪಿ ಅಂತನೇ ಇಟ್ಟಾರ.”

“ಭೇಷಾತು,” ಎಂದಳು ದೇವಕಮ್ಮ. “ಇನ್ನ ಅದಕ ಏನೂ ಆಗಂಗಿಲ್ಲ. ನೀ ಉಂಡೇನು?”