ಬೆರಳಿನಷ್ಟು ದೂರ

ಗಲ್ಫಿನ ಮೀನಾ ಅಬ್ದುಲ್ಲಾ ರಿಫೈನರಿಯಲ್ಲಿ ಎಣ್ಣೆ ಟ್ಯಾಂಕುಗಳಿಗೆ ಬಣ್ಣ ಹೊಡೆಯುವವರಿಗಾಗಿ ಹಗ್ಗ ಕಟ್ಟುತ್ತಿದ್ದ ನೇಪಾಳಿ ಭಾಯಿ, ಯಾವ ಗಂಟನ್ನೂ ಎರಡು ಸಲ ಎಳೆದು ನೋಡದೆ ಬಿಡುತ್ತಿರಲಿಲ್ಲ. ಸೇಫ್ಟಿ ಆಫೀಸಿನ ಗುಮಾಸ್ತನಾದ ನಾನು ಫೋಟೋ ತೆಗೆಯಲು ಮೇಲೆ ಹತ್ತುವಾಗಲೂ ಅಡ್ಡ ನಿಲ್ಲುತ್ತಿದ್ದರು. ಫೋರ್‌ಮನ್ "ಯಲ್ಲಾ, ಯಲ್ಲಾ" ಎಂದು ಕೂಗಿ ಅವಸರಪಡಿಸುತ್ತಿದ್ದರೂ ಅವರದು ಒಂದೇ ಮಾತು: "ಪೆಹಲೇ ಉತರ್‌ನೇ ಕಾ ರಾಸ್ತಾ, ಭಾಯಿ." ಇಳಿಯುವ ದಾರಿ ಮೊದಲು. ಇನ್ನೂ ಹತ್ತಿಯೇ ಇಲ್ಲ, ಇಳಿಯುವ ಮಾತೇನು ಎಂದು ನನಗೆ ರೇಗುತ್ತಿತ್ತು.

ಅವರ ದೇಶದ ಪರ್ವತಾರೋಹಣ ತಂಡ ಹಿಮಾಲಯದ ಕಡಿದಾದ ಗೋಡೆಯೊಂದರಲ್ಲಿ ಹೊಸ ದಾರಿ ಮಾಡಿದಾಗ, ಮುಂದೆ ಹೋಗಿ ಹಗ್ಗ ಕಟ್ಟಿದ್ದು ಇವರೇ ಎಂದು ಯಾರೋ ಹೇಳಿದರು. ಕುತೂಹಲ ತಡೆಯಲಾಗದೆ ಊಟದ ಹೊತ್ತಿನಲ್ಲಿ ನನ್ನ ಹರಕು ಹಿಂದಿಯಲ್ಲಿ ಕೇಳಿದೆ. ಅವರು ಪಿಕಪ್ಪಿನ ಬಾನೆಟ್ ಮೇಲಿದ್ದ ಧೂಳಿನಲ್ಲಿ ಪರ್ವತ ಬರೆದು, ಬುಡದಿಂದ ಮೇಲಕ್ಕೆ ಗೆರೆ ಎಳೆಯುತ್ತಾ ಹೋದರು. ತುದಿ ಒಂದು ಬೆರಳಿನಷ್ಟು ದೂರ ಇರುವಾಗ ನಿಲ್ಲಿಸಿಬಿಟ್ಟರು.

"ಮತ್ತೆ?" ಎಂದೆ.

"ಅಲ್ಲಿಂದ ಮೇಲೆ ತಂಡದ ಇಬ್ಬರು ಹೋದರು."

"ನೀವು?"

"ಹಗ್ಗ ಕಟ್ಟೋಕೆ ಮಂಜುಗಡ್ಡೆಯಲ್ಲಿ ಹೊಡೆದ ಮೊಳೆ ಅಲ್ಲಾಡ್ತಿತ್ತು. ಅವರು ಬರೋ ತನಕ ಹಗ್ಗ ಯಾರಾದರೂ ಹಿಡ್ಕೊಳ್ಬೇಕಲ್ಲ, ಭಾಯಿ?"

"ಅಷ್ಟು ಹತ್ತಿರ ಹೋಗಿ! ಮೇಲೆ ಏನಿದೆ ಅಂತ ನೋಡಬೇಕು ಅನ್ನಿಸಲಿಲ್ವಾ?"

ಅವರು ನನ್ನ ಮುಖ ನೋಡಿದರು. ಆಮೇಲೆ ಪರ್ವತದ ತುದಿಯ ಮೇಲೆ ಬೆರಳಿಟ್ಟು, ತಾವು ಹಗ್ಗ ಹಿಡಿದು ಕೂತಿದ್ದ ಜಾಗದ ತನಕ ಗೆರೆಯನ್ನು ನಿಧಾನವಾಗಿ ಕೆಳಕ್ಕೆ ಎಳೆದರು.

"ಇಬ್ಬರೂ ಇಳಿದು ಬಂದರು," ಎಂದರು.