ವ್ಯಾನಿನ ಮಂಚಕ್ಕೆ ಆಯ ನೋಡಿದ್ದು

ಎಪ್ಪತ್ತರ ದಶಕದ ನಡುವೆ ನಮ್ಮ ಯಜಮಾನರು ಹರಾಜಿನಲ್ಲಿ ಒಂದು ಹಳೆಯ ವ್ಯಾನ್ ಹಿಡಿದರು. ಅದಕ್ಕೆ ಸ್ಟೀಲ್ ಪಾತ್ರೆ ತುಂಬಿಕೊಂಡು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಅಂತ ಸಂತೆಯಿಂದ ಸಂತೆಗೆ ತಿರುಗುವುದು ನಮ್ಮ ಕಸುಬು. ಊಟ, ನಿದ್ದೆ ಎಲ್ಲ ಅದರೊಳಗೇ. ಒಂದು ಬದಿಗೆ ಇಬ್ಬರು ಮಲಗುವ ಮಂಚ, ಇನ್ನೊಂದು ಬದಿಗೆ ಸೀಮೆಎಣ್ಣೆ ಸ್ಟವ್ ಇಡುವ ಹಲಗೆ. ಎಲ್ಲವನ್ನೂ ವ್ಯಾನಿನ ಮೈಗೇ ಸ್ಕ್ರೂ ಹಾಕಿ ಕೂರಿಸಿದ್ದರು. ಜಗಳೂರಿನಲ್ಲಿ ಸ್ವಂತ ಮನೆಯೇನೋ ಇತ್ತು, ಆದರೆ ಅದರಲ್ಲಿ ಅತ್ತೆ ಇದ್ದರು. ಹಾಗಾಗಿ ನನ್ನ ಪಾಲಿಗೆ ಮನೆ ಅಂದರೆ ವ್ಯಾನೇ.

ಕೆಲವು ವರ್ಷಕ್ಕೆ ಮಂಚಕ್ಕೆ ಕುಟ್ಟೆ ಹಿಡಿಯಿತು. ಹೊಳೆಯುವ ತಟ್ಟೆಗಳ ಮೇಲೆ ಮರದ ಪುಡಿ ಉದುರುತ್ತಿತ್ತು. ಹಳೆಯದನ್ನೆಲ್ಲ ಕಿತ್ತು ಹೊಸದು ಕೂರಿಸಲು ಹೊನ್ನಾಳಿಯ ಒಬ್ಬ ಆಚಾರಿಯನ್ನು ಇವರು ಗೊತ್ತು ಮಾಡಿದರು. ಮರಕ್ಕೆ ಬಸವಾಪಟ್ಟಣದಿಂದ ನಮ್ಮಪ್ಪ ತೇಗದ ಹಲಗೆ ಕೊಟ್ಟು ಕಳಿಸಿದ್ದರು.

ನನಗೆ ಆಚಾರಿಯನ್ನು ಕಂಡ ಕೂಡಲೇ ಅನುಮಾನ. ಮಾತು ಕಡಿಮೆ, ನಗು ಜಾಸ್ತಿ. ನನ್ನ ತವರಿನ ತೇಗ ಎತ್ತಿಟ್ಟುಕೊಂಡು ಯಾವುದೋ ಕಾಡು ಮರ ಹಾಕಿ ಬಣ್ಣ ಬಳಿದರೆ ಕೇಳುವವರು ಯಾರು? ಒಂದೊಂದು ಹಲಗೆಯ ತುದಿಗೂ ಅರಿಶಿನದ ಬೊಟ್ಟಿಟ್ಟು ಗುರುತು ಮಾಡಿದೆ. ಪೂಜೆ ಅಂದುಕೊಂಡು ಆಚಾರಿ ಕೈ ಮುಗಿದರು. ನಾನೂ ಭಕ್ತಿಯ ಮುಖ ಮಾಡಿ ಕೈ ಮುಗಿದೆ. ಆಮೇಲೆ ಅಕ್ಕಿ ಆರಿಸುವ ನೆಪದಲ್ಲಿ ಎದುರಿಗೇ ಕೂತೆ.

ಇವರು ಸ್ಕ್ರೂ ತರಲು ಪೇಟೆಗೆ ಹೋಗಿದ್ದರು. ಆಚಾರಿ ಗೆರೆ ಎಳೆದು ಮಂಚದ ಅಡ್ಡಪಟ್ಟಿ ಕೊಯ್ದರು. ನೋಡಿದರೆ ಗೇಣುದ್ದ ಗಿಡ್ಡ. ಸಿಕ್ಕಿಬಿದ್ದ ಅಂದುಕೊಂಡೆ.

“ಅಷ್ಟು ಗಿಡ್ಡ ಯಾಕೆ ಕೊಯ್ತೀರಿ? ಉಳಿದಿದ್ದು ಯಾರ ಮನಿಗೆ?”

“ಯಜಮಾನ್ರು ಹೇಳಿದ ಅಳತೆನೇ ಅಮ್ಮಾರೆ. ಆಯನೂ ಅವರೊಬ್ರ ಹೆಸರಿಗೇ ನೋಡಾಕೆ ಹೇಳ್ಯಾರೆ.”

ನಮ್ಮ ಕಡೆ ಮನೆಗೆ, ಬಾಗಿಲಿಗೆ ನೋಡುವ ಹಾಗೆ ಮಂಚಕ್ಕೂ ಆಯ ನೋಡುತ್ತಿದ್ದರು. ಮಲಗುವವರ ಹೆಸರಿಗೆ ಅಳತೆ ಕೂಡಿಬರಬೇಕು. ಗಂಡ ಹೆಂಡತಿ ಮಲಗುವುದಾದರೆ ಇಬ್ಬರ ಹೆಸರೂ ಹೇಳಬೇಕು. ನನ್ನ ಹೆಸರನ್ನು ಇವರು ಹೇಳಿಯೇ ಇರಲಿಲ್ಲ.

ಸವಳಂಗದಲ್ಲಿ ಒಬ್ಬಳು ಕೊಳಗ ಕೊಂಡಾಗ ಇವರು ಮುಚ್ಚಳ ಪುಕ್ಕಟೆ ಕೊಟ್ಟಿದ್ದು ನೆನಪಾಯಿತು. ನಗುತ್ತಾ ಕೊಟ್ಟಿದ್ದರು. ನನ್ನನ್ನು ಅತ್ತೆಯ ಹತ್ತಿರ ಅಟ್ಟಿ ಸವಳಂಗದಲ್ಲೊಂದು ಸಂಸಾರ ಹೂಡುವ ಯೋಚನೆಯೇ ಸರಿ ಎಂದು ತೀರ್ಮಾನ ಮಾಡಿಬಿಟ್ಟೆ.

ಇವರು ಬಂದರು. ನೇರವಾಗಿಯೇ ಕೇಳಿದೆ. “ರೀ, ನಾನೆಲ್ಲಿ ಮಲಗಬೇಕು?”

ಇವರು ಕೈಯಲ್ಲಿದ್ದ ಸ್ಕ್ರೂ ಪೊಟ್ಟಣ ನೋಡುತ್ತಾ ನಿಂತರು. “ಜಗಳೂರಾಗೆ ಅವ್ವ ಒಬ್ಬಾಕೇ ಅದಾಳೆ. ನೀನು ಅಲ್ಲಿರು. ಮಂಚ ಸಣ್ಣದು ಮಾಡಿ ಪಕ್ಕಕ್ಕೆ ಒಂದು ರ‍್ಯಾಕ್ ಹೊಡೆಸಿದ್ರೆ ಹಂಡೆ, ಕೊಳಗ ಎಲ್ಲ ಹಿಡಿಸ್ತಾವೆ. ಮದುವಿ ಕಾಲ ಬರ್ತೈತೆ.”

“ಮತ್ತೆ ಸವಳಂಗದಾಕಿ?”

“ಯಾವಾಕಿ?” ಅಂದರು. ಮುಖ ನೋಡಿದೆ, ನಿಜಕ್ಕೂ ಗೊತ್ತಿರಲಿಲ್ಲ.

ಇನ್ನೊಬ್ಬಳಿದ್ದಿದ್ದರೆ ಜುಟ್ಟು ಹಿಡಿದು ಜಗಳವಾಡಬಹುದಿತ್ತು. ಹಂಡೆಯ ಜೊತೆ ಏನಂತ ಜಗಳವಾಡಲಿ? ಅಳು ಬಂತು. ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ನನ್ನಪ್ಪನ ಹಲಗೆಯಲ್ಲೇ ನನ್ನನ್ನು ಹೊರಗಿಡುವ ಲೆಕ್ಕಾಚಾರ!

“ಆಚಾರ್ರೇ, ಹಲಗೆ ನಮ್ಮಪ್ಪಂದು. ಆಯ ನನ್ನೊಬ್ಬಳ ಹೆಸರಿಗೆ ನೋಡ್ರಿ. ಇವರು ಬೇಕಾದ್ರೆ ಜಗಳೂರಿಗೆ ಹೋಗಿ ಅವ್ವನ ಹತ್ರ ಇರ‍್ಲಿ.”

ಆಚಾರಿ ಗರಗಸ ಕೆಳಗಿಟ್ಟು ಇವರ ಮುಖ ನೋಡಿದರು. ಹೆಸರು ಇತ್ಯರ್ಥವಾಗದೆ ಅವರು ಮುಂದಿನ ಹಲಗೆ ಮುಟ್ಟುವವರಲ್ಲ. ಇವರು ಬೀಡಿ ಹಚ್ಚಿದರು, ಪೂರ್ತಿ ಸೇದಿದರು. ಕೊನೆಗೆ ನೆಲ ನೋಡುತ್ತಲೇ, “ಇಬ್ರದೂ ನೋಡ್ರಿ” ಅಂದರು.

ಕೊಯ್ದಿದ್ದ ಪಟ್ಟಿಗೆ ಆಚಾರಿ ಜೋಡು ಹಾಕಿ ಅಗಲದ ಮಂಚವನ್ನೇ ಕೂರಿಸಿದರು. ಅವರ ಕೆಲಸದಲ್ಲಿ ಹುಳುಕು ಹುಡುಕಿ ಹುಡುಕಿ ನನಗೇ ಸಾಕಾಯಿತು. ಎಂಬತ್ತರ ದಶಕವೆಲ್ಲ ನಾವಿಬ್ಬರೂ ಅದರ ಮೇಲೇ ಮಲಗಿದೆವು. ಆದರೆ ಇವರು ಹೊಸ ಹಂಡೆ ತಂದ ದಿನ, ಅದಕ್ಕೆ ಎಲ್ಲಿ ಜಾಗ ಮಾಡುತ್ತಾರೆ ಅಂತ ನೋಡಿಯೇ ನಾನು ಹಾಸಿಗೆ ಬಿಚ್ಚುತ್ತಿದ್ದೆ.