ಜಾರಲು ಬರುತ್ತದೆ ಎಂದು ಬರೆದುಕೊಟ್ಟವರು

ನಮ್ಮ ಮನೆಯ ಹಾಲಿನಲ್ಲಿ ಟಿವಿಯ ಬಲಗಡೆ ನನ್ನದೊಂದು ಫೋಟೋ ಇದೆ. ಕಾಲಿಗೆ ಸ್ಕೀ, ಕೈಯಲ್ಲಿ ಎರಡು ಕೋಲು, ಕಣ್ಣಿಗೆ ಕಿತ್ತಳೆ ಬಣ್ಣದ ಗಾಜು, ಹಿಂದೆ ಬೆಳ್ಳನೆಯ ಇಳಿಜಾರು. ಮೊಣಕಾಲು ತುಸು ಬಾಗಿದೆ, ಮುಖದಲ್ಲಿ ಸಾಹಸಿಯ ನಗು. ಹನ್ನೊಂದು ವರ್ಷಗಳ ಹಿಂದೆ ಆಫೀಸಿನವರು ನಮ್ಮನ್ನೆಲ್ಲ ಸಿಡ್ನಿಯಿಂದ ಬಸ್ಸಿನಲ್ಲಿ ತುಂಬಿಕೊಂಡು ಹಿಮದ ಬೆಟ್ಟಕ್ಕೆ ಹೋಗಿದ್ದಾಗ ತೆಗೆದದ್ದು. ಮನೆಗೆ ಬಂದವರು "ಓಹೋ, ನಿಮಗೆ ಸ್ಕೀಯಿಂಗ್ ಬರುತ್ತಾ?" ಎಂದು ಕೇಳುತ್ತಾರೆ. ನಾನು "ಏನೋ ಸ್ವಲ್ಪ" ಎನ್ನುತ್ತೇನೆ. ಕೇಳಿದವರು ಅದನ್ನು ನನ್ನ ವಿನಯ ಎಂದುಕೊಂಡು ಕಾಫಿ ಕುಡಿಯುತ್ತಾರೆ. ನಿಜ ಸಂಗತಿಯನ್ನು ನಿಮಗೆ ಮಾತ್ರ ಹೇಳುತ್ತೇನೆ. ಆ ದಿನ ಸ್ಕೀ ನನ್ನ ಕಾಲಿನಲ್ಲಿದ್ದದ್ದು ಫೋಟೋ ತೆಗೆಯುವಷ್ಟು ಹೊತ್ತು. ಉಳಿದ ಹೊತ್ತೆಲ್ಲ ನಾನು ಹೀಟರ್ ಪಕ್ಕದ ಕುರ್ಚಿ ಹಿಡಿದು ಹಾಟ್ ಚಾಕೊಲೇಟ್ ಕುಡಿಯುತ್ತಿದ್ದೆ.

ಈ ಸುಳ್ಳು ತನ್ನ ಪಾಡಿಗೆ ತಾನು ಗೋಡೆಯ ಮೇಲೆ ತೂಗಿಕೊಂಡಿತ್ತು. ಯಾರಿಗೂ ತೊಂದರೆ ಇರಲಿಲ್ಲ. ತೊಂದರೆ ತಂದವನು ನನ್ನ ಗೆಳೆಯ ಮಂಜುನಾಥ. ಅವನು ಧಾರವಾಡದವನು. ಓದಲು ಬಂದು, ಪಿಆರ್ ಎಂಬ ಕಾಯಂ ವಾಸದ ಪರವಾನಗಿ ಪಡೆದು, ಈಗ ಮೆಲ್ಬರ್ನಿನ ಪಾಯಿಂಟ್ ಕುಕ್‌ನಲ್ಲಿ ಹೆಂಡತಿ ಮಕ್ಕಳೊಂದಿಗೆ ಸುಖವಾಗಿದ್ದಾನೆ. ಸುಖವಾಗಿರುವವರು ಸುಮ್ಮನಿರಬೇಕೋ ಬೇಡವೋ? ಒಂದು ಭಾನುವಾರ ಫೋನ್ ಮಾಡಿದ.

"ಲೇ, ಎಲ್ಲಾರೂ ನ್ಯೂಜಿಲೆಂಡ್ ಮುಗಿಸ್ಯಾರ, ಜಪಾನ್ ಮುಗಿಸ್ಯಾರ. ನಾವು ಜನವರಿಗೆ ಸ್ಕ್ಯಾಂಡಿನೇವಿಯಾಕ್ಕ ಸ್ಕೀ ಮಾಡಾಕ ಹೋಗೂಣು. ನೀ ಇದ್ದೀಯಲ್ಲ, ನಮಗೇನ್ ಚಿಂತಿ!"

ಚಿಂತೆ ಮಾಡಬೇಕಾದವನು ನಾನು ಎಂದು ಅವನಿಗೆ ಹೇಗೆ ಹೇಳಲಿ? ಕಾರಿನಲ್ಲಿ ಅರ್ಧ ದಿನ ಹೋದರೆ ನಮಗೂ ಹಿಮ ಸಿಗುತ್ತದೆ. ಆದರೆ ಅದು ಬೀಳುವುದು ಜುಲೈಯಲ್ಲಿ, ನಮಗೆ ಉದ್ದನೆಯ ರಜೆ ಸಿಗುವುದು ಜನವರಿಯಲ್ಲಿ. ಜನವರಿಯಲ್ಲಿ ಸಿಡ್ನಿಯ ಅಂಚಿನ ನಮ್ಮ ಮಾರ್ಸ್ಡನ್ ಪಾರ್ಕಿನ ಮನೆಯ ಅಂಗಳದಲ್ಲಿ ಹಪ್ಪಳ ಇಟ್ಟರೆ ಹೆಂಚಿಲ್ಲದೆ ಬೇಯುತ್ತದೆ. ಚಳಿ ಬೇಕೆಂದರೆ ಭೂಮಿಯ ಆ ತುದಿಗೇ ಹೋಗಬೇಕು. ಅದಲ್ಲದೆ, ಪಕ್ಕದ ಬೆಟ್ಟಕ್ಕೆ ಹೋಗಿ ಬಂದೆವೆಂದರೆ ನಮ್ಮ ಬೀದಿಯಲ್ಲಿ ಯಾರೂ ತಲೆ ಎತ್ತಿ ನೋಡುವುದಿಲ್ಲ.

ನನ್ನ ಹೆಂಡತಿ ವಿದ್ಯಾ ಫ್ರೀಜರಿನಿಂದ ಬಟಾಣಿ ತೆಗೆಯುವುದಕ್ಕೂ ಕೈಗೆ ಬಟ್ಟೆ ಸುತ್ತಿಕೊಳ್ಳುವವಳು. ಅವಳನ್ನು ಒಪ್ಪಿಸಲು ನಾನು ವೆಬ್‌ಸೈಟುಗಳನ್ನು ಓದಿ ಓದಿ ಹೇಳಿದೆ. ಅಲ್ಲಿನ ಬೆಟ್ಟಗಳು ಬಲು ಸಾಧುವಂತೆ, ಮಗುಚಿ ಹಾಕಿದ ಇಡ್ಲಿಯ ಹಾಗೆ ದುಂಡಗಿರುತ್ತವಂತೆ, ಇಳಿಜಾರಿಗೆ ಸುಲಭದಿಂದ ಕಷ್ಟದವರೆಗೆ ಹಸಿರು, ನೀಲಿ, ಕೆಂಪು, ಕಪ್ಪು ಎಂದು ಬಣ್ಣ ಕೊಟ್ಟಿದ್ದಾರಂತೆ, ಹಸಿರಿನ ಮೇಲೆ ಎಳೆಮಕ್ಕಳೂ ಜಾರುತ್ತಾರಂತೆ. 'ಕಡಿಮೆ ಅನುಭವ ಉಳ್ಳವರಿಗೆ ಹೇಳಿ ಮಾಡಿಸಿದ ಜಾಗ' ಎಂದು ಎಲ್ಲ ಕಡೆಯೂ ಇತ್ತು. ಈ ಮಾತು ನನಗೆ ಬಹಳ ಹಿಡಿಸಿತು. ಏನೂ ಬಾರದವರು ಎನ್ನಲಿಲ್ಲ ನೋಡಿ, ಕಡಿಮೆ ಅನುಭವ ಉಳ್ಳವರು ಎಂದರು. ಮರ್ಯಾದಸ್ಥರ ದೇಶ.

"ಸಂಕ್ರಾಂತಿ ಅಲ್ಲೇ ಬರುತ್ತಲ್ಲ," ಎಂದಳು ವಿದ್ಯಾ. "ಎಳ್ಳು ಬೀರೋದು ಯಾರಿಗೆ?"

ಸೂರ್ಯ ದಾರಿ ಬದಲಿಸುವ ಹಬ್ಬವನ್ನು, ಆ ಸೂರ್ಯನೇ ಮಧ್ಯಾಹ್ನ ಒಂದು ಗಳಿಗೆ ಹಣಕಿ ಒಳಗೆ ಹೋಗಿಬಿಡುವ ಊರಿನಲ್ಲಿ ಮಾಡುವುದು ಹೇಗೆಂದು ನನಗೂ ಗೊತ್ತಿರಲಿಲ್ಲ. ಹಿಮಸಾರಂಗಗಳಿಗೆ ಬೀರೋಣ ಎಂದೆ. ಅವಳು ನಗಲಿಲ್ಲ, ಆದರೆ ಸೂಟ್‌ಕೇಸಿನ ಪಟ್ಟಿಯಲ್ಲಿ ಎಳ್ಳುಬೆಲ್ಲದ ಡಬ್ಬ ಸೇರಿತು. ಅದನ್ನೇ ಒಪ್ಪಿಗೆ ಎಂದು ತಿಳಿದುಕೊಂಡೆ.

ಅಷ್ಟಕ್ಕೂ ಹಿಮಕ್ಕೂ ನಮ್ಮವರಿಗೂ ಎಂಥ ಸಂಬಂಧ? ಆ ಉತ್ತರದವರಿಗೆ ಸ್ಕೀ ಮಾಡುವ ಒಬ್ಬ ದೇವರೇ ಇದ್ದನಂತೆ. ನಮ್ಮ ದೇವರುಗಳ ಪಟ್ಟಿ ಅಷ್ಟು ಉದ್ದವಿದ್ದರೂ ಜಾರುವ ಖಾತೆ ವಹಿಸಿಕೊಂಡವರು ಒಬ್ಬರೂ ಇಲ್ಲ. ಕೈಲಾಸದಲ್ಲೇ ಮನೆ ಮಾಡಿಕೊಂಡಿರುವ ಶಿವನಿಗೆ ಎಷ್ಟು ಒಳ್ಳೆಯ ಅವಕಾಶವಿತ್ತು! ಅವನು ಕೂತಲ್ಲಿಂದ ಏಳಲಿಲ್ಲ. ಪುರಾಣದಲ್ಲಿ ಹಿಮದ ಮೇಲೆ ಫ್ಯಾಮಿಲಿ ಟೂರ್ ಹೊರಟ ದಾಖಲೆ ನನಗೆ ಗೊತ್ತಿರುವಂತೆ ಒಂದೇ. ಐವರು ಅಣ್ಣತಮ್ಮಂದಿರು, ಒಬ್ಬ ಹೆಂಡತಿ, ಒಂದು ನಾಯಿ. ದಾರಿಯಲ್ಲಿ ಒಬ್ಬೊಬ್ಬರಾಗಿ ಬಿದ್ದರು. ಹಿರಿಯಣ್ಣ ಹಿಂತಿರುಗಿ ನೋಡದೆ, ಇವನು ಬಿದ್ದದ್ದು ಜಾಣನೆಂಬ ಜಂಭದಿಂದ, ಇವನು ಚೆಲುವನೆಂಬ ಜಂಭದಿಂದ ಎಂದು ಕಾರಣ ಹೇಳುತ್ತಾ ಮುಂದೆ ನಡೆದ. ಚಿಕ್ಕಂದಿನಲ್ಲಿ ಈ ಕಥೆ ಕೇಳಿದಾಗ ಹಿರಿಯಣ್ಣನ ಮೇಲೆ ನನಗೆ ಸಿಟ್ಟು ಬಂದಿತ್ತು. ಬಿದ್ದವರನ್ನು ಎತ್ತುವುದು ಬಿಟ್ಟು ಭಾಷಣ ಮಾಡುತ್ತಾನಲ್ಲ ಎಂದು. ಹಿಮದ ಮೇಲೆ ಜಂಭ ನಿಲ್ಲುವುದಿಲ್ಲ ಎಂಬ ಸೂಚನೆ ಅದರಲ್ಲಿತ್ತು ಎಂದು ತಡವಾಗಿ ಹೊಳೆಯಿತು.

ಎಷ್ಟು ತಡವಾಗಿ ಎಂದರೆ, ಸ್ಕೀ ಶಾಲೆಯ ಫಾರಂ ತುಂಬಿ ಕಳಿಸಿದ ಮೇಲೆ. ಚಾಟ್ಸ್‌ವುಡ್‌ನ ಆಫೀಸಿನಲ್ಲಿ ಊಟದ ಬಿಡುವಿನಲ್ಲಿ ಚಿತ್ರಾನ್ನ ತಿನ್ನುತ್ತಾ ಅದನ್ನು ತುಂಬಿದೆ. ಕುಟುಂಬದ ಪ್ರತಿಯೊಬ್ಬರ ಹೆಸರಿನ ಮುಂದೆಯೂ ನಾಲ್ಕು ಖಾನೆಗಳು: ಒಮ್ಮೆಯೂ ಮಾಡಿಲ್ಲ, ಬಿಗಿನರ್, ಇಂಟರ್‌ಮೀಡಿಯೆಟ್, ಅಡ್ವಾನ್ಸ್ಡ್. ನನ್ನ ಬೆರಳು ಯೋಚನೆ ಮಾಡಲಿಲ್ಲ. ನನಗೆ, ವಿದ್ಯಾಳಿಗೆ, ಒಂಬತ್ತು ವರ್ಷದ ಮಗಳು ಅನ್ವಿಗೆ, ಸಾಲಾಗಿ ಇಂಟರ್‌ಮೀಡಿಯೆಟ್ ಒತ್ತಿತು.

ಬೆರಳನ್ನು ಬೈಯಬೇಡಿ. ಇಪ್ಪತ್ತು ವರ್ಷ ಅದಕ್ಕೆ ಇದೇ ತರಬೇತಿ. ನಮ್ಮ ಐಟಿ ಕಸುಬಿನಲ್ಲಿ ರೆಸ್ಯೂಮೆಯ ಮೇಲೆ ಬಿಗಿನರ್ ಎಂದು ಬರೆದವನನ್ನು ನಾನು ಈವರೆಗೆ ಕಂಡಿಲ್ಲ. ಇಂಟರ್‌ವ್ಯೂನಲ್ಲಿ "ಇದು ಬರುತ್ತದೆಯೇ?" ಎಂದರೆ ಬರುತ್ತದೆ ಎನ್ನಬೇಕು, ಹೊರಗೆ ಬಂದು ಅದರ ಹೆಸರನ್ನು ಹೇಗೆ ಬರೆಯುತ್ತಾರೆಂದು ಹುಡುಕಬೇಕು, ಶನಿವಾರ ಭಾನುವಾರ ಕೂತು ಕಲಿಯಬೇಕು, ಸೋಮವಾರ ಇನ್ನೊಬ್ಬರಿಗೆ ಕಲಿಸಬೇಕು. ನನ್ನ ವೀಸಾ, ಪಿಆರ್, ಮೂರು ಪ್ರಮೋಷನ್ ಎಲ್ಲವೂ ಹೀಗೆ ವಾರಾಂತ್ಯಗಳಲ್ಲಿ ಬಂದಂಥವು. ಬರುವುದಿಲ್ಲ ಎಂದು ಬರೆದುಕೊಟ್ಟಿದ್ದರೆ ನಾನು ಇನ್ನೂ ಮೈಸೂರಿನಲ್ಲಿ ಆ ಖಾನೆಯ ಮುಂದೆಯೇ ಕೂತಿರುತ್ತಿದ್ದೆ.

ಎರಡು ದಿನಕ್ಕೆ ಸ್ಕೀ ಶಾಲೆಯ ಇಂಗ್ರಿಡ್ ಎಂಬಾಕೆಯಿಂದ ಉತ್ತರ ಬಂತು. ನೀವೆಲ್ಲ ಇಂಟರ್‌ಮೀಡಿಯೆಟ್ ಎಂದು ಸಂತೋಷವಾಯಿತು, ನಿಮ್ಮ ತರಗತಿ ಬೆಟ್ಟದ ತುದಿಯಲ್ಲಿ ಸೇರುತ್ತದೆ, ಲಿಫ್ಟಿನಲ್ಲಿ ಮೇಲೆ ಬನ್ನಿ, ಅಲ್ಲಿಂದ ಕೆಳಗಿಳಿಯಲು ಇರುವುದು ಕೆಂಪು ಇಳಿಜಾರು ಮಾತ್ರ. ಹಸಿರು ಇಳಿಜಾರು ಬೇರೆ ಹಳ್ಳಿಯಲ್ಲಿತ್ತು.  ತಪ್ಪಾಗಿದೆ ಎಂದು ಒಂದು ಸಾಲು ಬರೆದಿದ್ದರೆ ಮುಗಿಯುತ್ತಿತ್ತು. ಆದರೆ ಹಾಗೆ ಬರೆದರೆ, ಇಂಟರ್‌ಮೀಡಿಯೆಟ್ ಹಾಕಿದ್ದೇನೆಂದು ಆಗಲೇ ಹೇಳಿಬಿಟ್ಟಿದ್ದ ಮಂಜುನಾಥನಿಗೆ ನಿಜ ಹೇಳಬೇಕು, ಅದಕ್ಕಿಂತ ಮೊದಲು ಅನ್ವಿಗೆ ಹೇಳಬೇಕು. ಅವಳು ಹುಟ್ಟಿದಾಗಿನಿಂದ ಆ ಫೋಟೋ ನೋಡಿಕೊಂಡು ಬೆಳೆದವಳು. ಶಾಲೆಯಲ್ಲಿ ಅಪ್ಪ ಏನು ಮಾಡುತ್ತಾರೆ ಎಂದು ಕೇಳಿದ್ದಕ್ಕೆ ಐಟಿ ಎನ್ನದೆ ಸ್ಕೀ ಎಂದವಳು. ನಾನು ಇಂಗ್ರಿಡ್‌ಗೆ 'ಬಹಳ ಸಂತೋಷ' ಎಂದು ಉತ್ತರಿಸಿದೆ. ಒಂದು ವಾರಾಂತ್ಯ ಸಿಕ್ಕರೆ ಕಲಿತುಬಿಡುತ್ತೇನೆ ಎಂಬ ಹಳೆಯ ಧೈರ್ಯ.

ಸಿಡ್ನಿಯಲ್ಲಿ ಒಂದು ದೊಡ್ಡ ಶೆಡ್ಡಿನೊಳಗೆ ಓರೆಯಾಗಿ ಓಡುವ ಕಾರ್ಪೆಟ್ಟಿನ ಮೇಲೆ ಸ್ಕೀ ಕಲಿಸುತ್ತಾರೆ. ನಾವು ಹಾಗೇ ನಿಂತಿರುತ್ತೇವೆ, ಬೆಟ್ಟವೇ ನಮ್ಮ ಕೆಳಗಿಂದ ಹಿಂದಕ್ಕೆ ಓಡುತ್ತದೆ. ಡಿಸೆಂಬರಿನ ಶನಿವಾರ, ಹೊರಗೆ ಡಾಂಬರು ಕರಗುವ ಬಿಸಿಲು. ಕಲಿಸುವಾಕೆ ಅರವತ್ತರ ಹತ್ತಿರದ ಗಟ್ಟಿ ಹೆಂಗಸು. ನಿಮ್ಮದು ಯಾವ ಹಂತ ಎಂದು ಕೇಳಿದಳು. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅನ್ವಿ ಹೆಮ್ಮೆಯಿಂದ "ಇಂಟರ್‌ಮೀಡಿಯೆಟ್" ಎಂದಳು. ವಿದ್ಯಾ ತನ್ನ ಕೈಚೀಲ ತಬ್ಬಿಕೊಂಡು ಬೆಂಚಿನ ಮೇಲೆ ಕೂತವಳು ಏಳಲೇ ಇಲ್ಲ. ನಮ್ಮ ಮನೆಯಲ್ಲಿ ವಿವೇಕ ಸಾಮಾನ್ಯವಾಗಿ ಕೂತೇ ಇರುತ್ತದೆ.

ಅಪ್ಪ ಮಗಳು ಇಬ್ಬರೂ ಕಂಬಿ ಹಿಡಿದು ನಿಂತೆವು. ಕಾರ್ಪೆಟ್ ಇಂಟರ್‌ಮೀಡಿಯೆಟ್ ವೇಗದಲ್ಲಿ ಹೊರಟಿತು. ಕಂಬಿ ಬಿಡಿ ಎಂದರು, ಬಿಟ್ಟೆವು. ನನ್ನ ಎಡಗಾಲು ಚಾಟ್ಸ್‌ವುಡ್ ಕಡೆಗೂ ಬಲಗಾಲು ಮಾರ್ಸ್ಡನ್ ಪಾರ್ಕ್ ಕಡೆಗೂ ಹೊರಟವು. ಬೀಳುವವನು ಒಬ್ಬನೇ ಬೀಳಬೇಕಿತ್ತು. ನಾನು ಕೈಗೆ ಸಿಕ್ಕಿದ್ದನ್ನು ಹಿಡಿದೆ, ಸಿಕ್ಕಿದ್ದು ಅನ್ವಿಯ ಜಾಕೆಟ್. ಅವಳು ನನಗಿಂತ ನೆಟ್ಟಗೆ ನಿಂತಿದ್ದಳು. ಅವಳನ್ನೂ ಎಳೆದುಕೊಂಡು ಬಿದ್ದೆ. ಕಾರ್ಪೆಟ್ ನಿಂತಾಗ ಅವಳ ಗಲ್ಲ ತರಚಿ ರಕ್ತ ಬರುತ್ತಿತ್ತು.

ಅವಳು ಅಳಲಿಲ್ಲ. "ಸಾರಿ ಅಪ್ಪಾ," ಎಂದಳು. "ಐ ಥಿಂಕ್ ಐ ಮೇಡ್ ಯು ಫಾಲ್."

ಸ್ಕೀ ಬರುವ ಅಪ್ಪ ತಾನಾಗಿ ಬೀಳಲು ಸಾಧ್ಯವಿಲ್ಲ, ಆದ್ದರಿಂದ ತಾನೇ ಬೀಳಿಸಿರಬೇಕು ಎಂದು ಅವಳ ಲೆಕ್ಕ. ಇಪ್ಪತ್ತು ವರ್ಷದಲ್ಲಿ ನನ್ನ 'ಬರುತ್ತದೆ'ಯನ್ನು ಎಷ್ಟೋ ಮ್ಯಾನೇಜರುಗಳು ನಂಬಿದ್ದಾರೆ. ಯಾರೊಬ್ಬರೂ ಇಷ್ಟು ಪೂರ್ತಿಯಾಗಿ ನಂಬಿರಲಿಲ್ಲ. ನನಗೆ ನಾಚಿಕೆಯಾಯಿತು. ಇಂಥ ಪ್ರಬಂಧಗಳಲ್ಲಿ ನಾಚಿಕೆಯನ್ನು ನಗೆಯಾಗಿಸುವ ಪದ್ಧತಿ ಉಂಟು. ಆ ಹೊತ್ತಿನಲ್ಲಿ ನಗು ಬರಲಿಲ್ಲ ಎಂದಷ್ಟೇ ಹೇಳುತ್ತೇನೆ.

ಕಾರು ಮನೆಯ ಕಡೆ ಹೊರಟಿತು. ಗಲ್ಲಕ್ಕೆ ಪ್ಲಾಸ್ಟರ್ ಅಂಟಿಸಿಕೊಂಡು ಹಿಂದೆ ಕೂತಿದ್ದ ಅನ್ವಿ ಎರಡನೆಯ ಸಿಗ್ನಲ್ ದಾಟಿದ ಮೇಲೆ ಕೇಳಿದಳು.

"ಅಪ್ಪಾ, ಇನ್ ದಟ್ ಫೋಟೋ, ವರ್ ಯು ಆಕ್ಚುಯಲಿ ಮೂವಿಂಗ್?"

ಹನ್ನೊಂದು ವರ್ಷದಲ್ಲಿ ಎಷ್ಟು ಜನ ಆ ಫೋಟೋ ನೋಡಿರಬಹುದು! ನಾನು ಚಲಿಸುತ್ತಿದ್ದೆನೋ ಇಲ್ಲವೋ ಎಂದು ಕೇಳಿದವಳು ಇವಳೊಬ್ಬಳೇ.

"ಇಲ್ಲ ಪುಟ್ಟಾ," ಎಂದೆ. "ನಿಂತಿದ್ದೆ. ನನಗೆ ಸ್ಕೀ ಬರಲ್ಲ. ನೀನು ನನ್ನ ಬೀಳಿಸಲಿಲ್ಲ, ನಾನೇ ನಿನ್ನ ಬೀಳಿಸಿದೆ."

ಕನ್ನಡಿಯಲ್ಲಿ ಅವಳ ಮುಖ ನೋಡುವ ಧೈರ್ಯವಾಗಲಿಲ್ಲ. ಮುಂದಿನ ಸಿಗ್ನಲ್ ಹಸಿರಾಯಿತು, ಹಿಂದಿನ ಕಾರಿನವನು ಹಾರ್ನ್ ಹೊಡೆದ.

"ಸೋ ವಿ ಕ್ಯಾನ್ ಬಿ ಇನ್ ದ ಸೇಮ್ ಕ್ಲಾಸ್?" ಎಂದಳು. ದನಿಯಲ್ಲಿ ಸಂತೋಷವಿತ್ತು. ಬೆಟ್ಟದ ತುದಿಯಲ್ಲಿ ಅಪ್ಪ ಸುಯ್ಯನೆ ಮುಂದೆ ಹೋಗಿಬಿಟ್ಟರೆ ತಾನು ಹಿಂದೆ ಒಬ್ಬಳೇ ಉಳಿಯುತ್ತೇನೆಂದು ಅವಳಿಗೆ ಇಷ್ಟು ದಿನವೂ ಭಯವಿತ್ತಂತೆ.

ಪಕ್ಕದಲ್ಲಿದ್ದ ವಿದ್ಯಾ, "ನನ್ನನ್ನೂ ಅದೇ ಕ್ಲಾಸಿಗೆ ಹಾಕಿ. ಎಳ್ಳುಬೆಲ್ಲ ಹಿಡ್ಕೊಂಡು ಕೂರ್ತೀನಿ," ಎಂದಳು.

ಆ ಸಂಜೆಯೇ ಇಂಗ್ರಿಡ್‌ಗೆ ಬರೆದೆ. ನಮ್ಮಲ್ಲಿ ಯಾರೂ ಒಮ್ಮೆಯೂ ಸ್ಕೀ ಮಾಡಿಲ್ಲ, ನಾನು ತಪ್ಪು ಬರೆದಿದ್ದೆ. ಎಷ್ಟು ಚಿಕ್ಕ ವಾಕ್ಯ! ಅದನ್ನು ಟೈಪ್ ಮಾಡಿ ಕಳಿಸಲು ನನಗೆ ಹಿಡಿದ ಹೊತ್ತಿನಲ್ಲಿ ವಿದ್ಯಾ ಚಪಾತಿ ಲಟ್ಟಿಸಿ, ಬೇಯಿಸಿ, ಊಟಕ್ಕೆ ಕರೆದಾಗಿತ್ತು. ಇಂಗ್ರಿಡ್‌ಗೆ ಆಶ್ಚರ್ಯವೂ ಆದಂತಿರಲಿಲ್ಲ. ನಿಮ್ಮನ್ನು ಹಸಿರು ಇಳಿಜಾರಿನ ಹಳ್ಳಿಗೆ ಬದಲಾಯಿಸಿದ್ದೇವೆ, ಮೊದಲ ದಿನ ಬೀಳುವುದನ್ನು ಕಲಿಸುತ್ತೇವೆ ಎಂದು ಎರಡು ಸಾಲು ಬರೆದಿದ್ದಳು. ಬೀಳುವುದನ್ನು ಕಲಿಸುತ್ತಾರೆಂದು ಮೊದಲೇ ತಿಳಿದಿದ್ದರೆ ಆ ವಿಷಯದಲ್ಲಿ ಮಾತ್ರ ಧಾರಾಳವಾಗಿ ಅಡ್ವಾನ್ಸ್ಡ್ ಎಂದು ಬರೆಯುತ್ತಿದ್ದೆ.

ಉಳಿದದ್ದು ಮಂಜುನಾಥ. ಫೋನ್ ಮಾಡಿ ಒಂದೇ ಉಸಿರಿಗೆ ಎಲ್ಲ ಹೇಳಿದೆ.  ಸಿಟ್ಟಾಗುತ್ತಾನೆ ಎಂದುಕೊಂಡಿದ್ದೆ.

"ಲೇ," ಎಂದ, ಬಹಳ ಸಣ್ಣ ದನಿಯಲ್ಲಿ. "ನೀ ಇಂಟರ್‌ಮೀಡಿಯೆಟ್ ಬರದೀನಿ ಅಂದ್ಯಲ್ಲ, ನಾ ಕಡಿಮಿ ಬರದ್ರ ಚೊಲೊ ಕಾಣೂದಿಲ್ಲಂತ ಅಡ್ವಾನ್ಸ್ಡ್ ಹಾಕೀನಿ. ನಾಲ್ಕೂ ಮಂದಿಗಿ. ಆ ಇಂಗ್ರಿಡ್ ಬಾಯಿ ಕಪ್ಪು ಇಳಿಜಾರಿಗೆ ಬರ್ರಿ ಅಂದಾಳ."

ಅವನು ಹಿಮದ ಮೇಲೆ ಹೋದದ್ದು ಒಂದೇ ಸಲ, ಮಕ್ಕಳ ಜೊತೆ ಪ್ಲಾಸ್ಟಿಕ್ ತಟ್ಟೆಯಲ್ಲಿ ಕೂತು ಜಾರಲು. ಆಗಲೂ ತಟ್ಟೆ ಅವನನ್ನು ಬಿಟ್ಟು ಹೋಗಿತ್ತಂತೆ. ನಾವಿಬ್ಬರೂ ನಕ್ಕು ನಕ್ಕು ಫೋನ್ ಕೆಳಗಿಟ್ಟೆವು. ಈಗ ಏಳು ಮಂದಿಯೂ ಒಂದೇ ತರಗತಿ. ಇನ್ನು ಮೂರು ವಾರಕ್ಕೆ ಹೊರಡುತ್ತೇವೆ.

ಫೋಟೋ ಇನ್ನೂ ಟಿವಿಯ ಬಲಗಡೆಯೇ ಇದೆ. ತೆಗೆದುಬಿಡೋಣ ಎಂದು ಹೋದರೆ ಅದರ ಕೆಳಗೆ ಒಂದು ಹಳದಿ ಚೀಟಿ ಅಂಟಿತ್ತು. ಮನೆಯಲ್ಲಿ ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರಿಸುವ ಅನ್ವಿ, ಭಾನುವಾರದ ಕನ್ನಡ ತರಗತಿಯಲ್ಲಿ ಕಲಿತ ದಪ್ಪ ಅಕ್ಷರಗಳಲ್ಲಿ 'ಅಪ್ಪ ನಿಂತಿದ್ದಾರೆ' ಎಂದು ಬರೆದಿದ್ದಳು. ಬಂದವರು ಈಗ ಅದನ್ನು ಓದಿ ನಗುತ್ತಾರೆ, ಹೋಗಿ ಬಂದ ಮೇಲೆ ಹೊಸ ಫೋಟೋ ತೋರಿಸಿ ಎನ್ನುತ್ತಾರೆ. ಖಂಡಿತ ತೋರಿಸುತ್ತೇನೆ. ಅದರಲ್ಲಿ ನಾನು ಬಹುಶಃ ಬಿದ್ದಿರುತ್ತೇನೆ. ಬೀಳಬೇಕಾದರೆ ಮೊದಲು ನಿಂತಲ್ಲಿಂದ ಹೊರಟಿರಬೇಕಲ್ಲ.